ರಾತ್ರಿ ಪಾಳಿಗೆ ರಿಲೀವರ್ ಯಾರು?

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಬಾಣಂತಿಯನ್ನು ನೋಡಲು ಬಂದವರು ತಪ್ಪದೆ ಕೇಳುವ ಮಾತೊಂದಿದೆ: ‘ಕೂಸು ರಾತ್ರಿ ಮಲಗ್ತದೇನವ್ವಾ?’ ಪ್ರಶ್ನೆ ಕೂಸಿನದು, ಉತ್ತರ ಹೇಳಬೇಕಾದವಳು ತಾಯಿ. ‘ಇಲ್ಲ’ ಎಂದರೆ ತಪ್ಪೂ ಅವಳದೇ. ಹಾಲು ಸಾಲುತ್ತಿಲ್ಲ, ದೃಷ್ಟಿ ತೆಗೆದಿಲ್ಲ, ಎತ್ತಿಕೊಂಡು ರೂಢಿ ಕೆಡಿಸಿದ್ದಾಳೆ. ಓದಿದವರ ಮನೆಗಳಲ್ಲಿ ಈಗ ಮೊಬೈಲಿನ ಸಲಹೆಯೂ ಸೇರಿದೆ: ಕೂಸಿಗೆ ತಾನಾಗಿ ಮಲಗುವುದನ್ನು ಕಲಿಸಬೇಕು.

ಕಲಿಸಬಹುದೇ? ಹುಟ್ಟಿದ ಕೂಸಿಗೆ ಎರಡು ಮೂರು ತಾಸಿಗೊಮ್ಮೆ ಹಸಿವಾಗುತ್ತದೆ. ಹಗಲು ರಾತ್ರಿಯ ಭೇದ ಅದರ ಮೈಗೆ ತಿಳಿಯಲು ಎರಡು ಮೂರು ತಿಂಗಳಾದರೂ ಬೇಕು. 2018ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ಆರು ತಿಂಗಳ ಕೂಸುಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಸತತ ಎಂಟು ತಾಸು ಮಲಗುತ್ತಿರಲಿಲ್ಲ. ಅದರಿಂದ ಅವುಗಳ ಬೆಳವಣಿಗೆ ಕುಂದಿದ್ದೂ ಕಾಣಲಿಲ್ಲ. ಅಮೆರಿಕದ ವೈದ್ಯ ರಿಚರ್ಡ್ ಫರ್ಬರ್ 1985ರ ತನ್ನ ಪುಸ್ತಕದಲ್ಲಿ ಬೇರೊಂದು ದಾರಿ ತೋರಿಸಿದ: ಕೂಸು ಅತ್ತಾಗ ಸಮಾಧಾನಿಸಲು ಹೋಗುವ ಅಂತರವನ್ನು ಮೆಲ್ಲಗೆ ಹೆಚ್ಚಿಸುವುದು. ಇದನ್ನು ಕ್ರೌರ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಇಂಥ ಕ್ರಮಗಳನ್ನು ಪರೀಕ್ಷಿಸಿದ ಆಸ್ಟ್ರೇಲಿಯಾದ ಸಂಶೋಧಕರಿಗೆ ಐದು ವರ್ಷದ ಮೇಲೆ ಮಕ್ಕಳಲ್ಲಿ ಹಾನಿಯೂ ಕಾಣಲಿಲ್ಲ, ವಿಶೇಷ ಲಾಭವೂ ಕಾಣಲಿಲ್ಲ. ಅಂದಮೇಲೆ ನೈತಿಕ ಪ್ರಶ್ನೆ ಇರುವುದು ಕೂಸಿನ ನಿದ್ದೆಯಲ್ಲಿ ಅಲ್ಲ, ದೊಡ್ಡವರ ಎಚ್ಚರದಲ್ಲಿ.

ವಾಡಿಯ ಸಿಮೆಂಟ್ ಕಾರ್ಖಾನೆಯನ್ನೇ ನೋಡಿ. ಅಲ್ಲಿನ ಕಿಲ್ನ್ ಹಗಲು ರಾತ್ರಿ ಉರಿಯಬೇಕು. ರಾತ್ರಿ ಮಲಗುವುದನ್ನು ಅದಕ್ಕೆ ಕಲಿಸೋಣ ಎಂದು ಯಾರೂ ಹೊರಡುವುದಿಲ್ಲ. ಕಾಯುವವರನ್ನು ಪಾಳಿಗಳಲ್ಲಿ ಹಂಚುತ್ತಾರೆ, ಒಬ್ಬನ ಹೊತ್ತು ಮುಗಿದರೆ ರಿಲೀವರ್ ಬರುತ್ತಾನೆ. ರಾತ್ರಿ ಪಾಳಿ ಮುಗಿಸಿ ಬಂದ ಗಂಡಸು ಹಗಲು ಮಲಗಿದರೆ ಮನೆಯೆಲ್ಲ ಪಿಸುಮಾತಿಗೆ ಇಳಿಯುತ್ತದೆ: ‘ಅಪ್ಪ ನೈಟ್ ಶಿಫ್ಟ್ ಮಾಡ್ಯಾನ, ಗದ್ದಲ ಹಾಕಬ್ಯಾಡ್ರಿ.’ ಅದೇ ರಾತ್ರಿ ನಾಲ್ಕು ಸಲ ಎದ್ದ ತಾಯಿಗಾಗಿ ಯಾರೂ ಟಿವಿಯ ಸದ್ದು ತಗ್ಗಿಸುವುದಿಲ್ಲ. ಅವಳದು ದುಡಿಮೆಯಲ್ಲ, ಸ್ವಭಾವ ಎಂದು ನಂಬಿದ್ದೇವೆ.

ಹಿಂದೆ ಹೀಗಿರಲಿಲ್ಲ, ತವರಿನಲ್ಲಿ ಅಜ್ಜಿ, ಚಿಗವ್ವ ಎಲ್ಲ ಇದ್ದರು ಎನ್ನುವವರಿದ್ದಾರೆ. ನಿಜ, ಅಲ್ಲಿ ಪಾಳಿ ಇತ್ತು. ಅದು ಹೆಂಗಸರೊಳಗೇ ತಿರುಗುತ್ತಿತ್ತು, ಬಾಣಂತನ ಮುಗಿಯುವವರೆಗೆ ಮಾತ್ರ.

ಹಾಲುಣಿಸುವುದು ತಾಯಿಯೇ ತಾನೆ? ಆಗಲಿ. ತೇಗು ಬರಿಸುವುದು, ಒದ್ದೆ ಬಟ್ಟೆ ಬದಲಿಸುವುದು, ಹೆಗಲಿಗೆ ಹಾಕಿಕೊಂಡು ಅಡ್ಡಾಡುವುದು, ತೊಟ್ಟಿಲು ತೂಗುವುದು? ಇವಕ್ಕೆ ಎಚ್ಚರವಿರುವ ಎರಡು ಕೈ ಸಾಕು.

ಕಾನೂನೂ ಈ ಹಂಚಿಕೆಗೆ ನೆರವಾಗಿಲ್ಲ. 2017ರ ತಿದ್ದುಪಡಿ 26 ವಾರಗಳ ಹೆರಿಗೆ ರಜೆ ಕೊಟ್ಟಿತು. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ ಸಿಗುವುದು 15 ದಿನ. ಚಿತ್ತಾಪುರದ ತೊಗರಿ ಹೊಲಕ್ಕೆ, ಶಹಾಬಾದಿನ ಕಲ್ಲು ಗಣಿಗೆ ದಿನಗೂಲಿಗೆ ಹೋಗುವವಳಿಗೆ ಆ 26 ವಾರವೂ ದಕ್ಕುವುದಿಲ್ಲ. ನಸುಕಿನಲ್ಲಿ ಎದ್ದು ಬುತ್ತಿ ಕಟ್ಟಬೇಕಾದವಳು, ಅಳುವ ಕೂಸನ್ನು ಎತ್ತಿಕೊಳ್ಳಲು ಐದು ನಿಮಿಷ ತಡಮಾಡಿ ಕಣ್ಣು ಮುಚ್ಚಿದರೆ, ಅದು ನಿರ್ದಯೆಯೇ? ಹಾಗೆ ತೀರ್ಪು ಕೊಡುವ ಹಕ್ಕು ಅವಳ ಪಾಳಿಯನ್ನು ಒಂದು ರಾತ್ರಿಯಾದರೂ ಬಿಡಿಸಿಕೊಂಡವರಿಗೆ ಮಾತ್ರ ಇದೆ.

ಕೂಸು ತನ್ನ ಹೊತ್ತಿಗೆ ನಿದ್ದೆ ಕಲಿಯುತ್ತದೆ. ಅಲ್ಲಿಯವರೆಗೆ ಎಚ್ಚರವನ್ನು ಹಂಚಿಕೊಳ್ಳುವುದನ್ನು ಮನೆಯ ದೊಡ್ಡವರು ಕಲಿಯಬೇಕು.