ವಿದ್ಯಾದಾಸೋಹ: ಕೊಡುವವನ ಧರ್ಮ, ಕೊಂಬವನ ಧರ್ಮ

ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳನ್ನು ಹೊತ್ತುಕೊಂಡೇ ಜನಿಸುತ್ತಾನೆಂದು ಪ್ರಾಚೀನರು ಹೇಳಿದರು. ಅವುಗಳಲ್ಲಿ ಋಷಿಋಣವು ಅಧ್ಯಯನದಿಂದ ತೀರತಕ್ಕದ್ದು. ಶಿವಶರಣರು ಈ ವಿಚಾರವನ್ನು ಇನ್ನೊಂದು ಹೆಜ್ಜೆ ಮುಂದಕ್ಕೊಯ್ದರು. ಕಲಿತ ವಿದ್ಯೆಯಾಗಲಿ, ದುಡಿದ ದ್ರವ್ಯವಾಗಲಿ, ದುಡಿಯುವ ದೇಹವೇ ಆಗಲಿ, ಯಾವುದೂ ತನ್ನದಲ್ಲ. ಗುರು ಲಿಂಗ ಜಂಗಮಕ್ಕೆ ಸಂದು ಉಳಿದುದು ಮಾತ್ರ ಭಕ್ತನಿಗೆ ಪ್ರಸಾದವೆಂದು ಅವರು ಬಾಳಿ ತೋರಿಸಿದರು. ಸತ್ಯಶುದ್ಧವಾಗಿ ಗಳಿಸುವುದು ಕಾಯಕವಾದರೆ, ಗಳಿಸಿದುದನ್ನು ನಿರಹಂಕಾರದಿಂದ ಸಲ್ಲಿಸುವುದು ದಾಸೋಹ. ಈ ಎರಡು ತತ್ತ್ವಗಳ ಬೆಳಕಿನಲ್ಲಿ, ಇಂದಿನ ಗೃಹಸ್ಥರನ್ನು ಬಾಧಿಸುತ್ತಿರುವ ಒಂದು ಪ್ರಶ್ನೆಯನ್ನು ವಿಚಾರಿಸುವುದು ಉಚಿತವಾಗಿದೆ. ಉಚ್ಚ ಶಿಕ್ಷಣದ ವೆಚ್ಚವನ್ನು ಯಾರು ಹೊರಬೇಕು? ಎಂತು ಹೊರಬೇಕು?

ಮೃಗಶಿರಾ ಮಳೆ ಬೀಳುವ ಹೊತ್ತಿಗೆ ರೈತನ ಮನೆಯಲ್ಲಿ ಎರಡು ಖರ್ಚುಗಳು ಒಟ್ಟಿಗೆ ಬಂದು ನಿಲ್ಲುತ್ತವೆ. ಹೊಲಕ್ಕೆ ಬೀಜ ಗೊಬ್ಬರ ಬೇಕು. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದ ಮಗಳಿಗೆ ಕಾಲೇಜಿನ ಶುಲ್ಕ, ಊಟ ವಸತಿಯ ವೆಚ್ಚ, ಪುಸ್ತಕಗಳು ಬೇಕು. ತಂದೆಯು ಬೀಜವನ್ನು ಕೊಂಡರೆ ಮಗಳ ಒಂದು ವರ್ಷ ಹೋಯಿತು. ಶುಲ್ಕವನ್ನು ಕಟ್ಟಿದರೆ ಮನೆಯವರೆಲ್ಲರ ಒಂದು ವರ್ಷ ಹೋಯಿತು. ಕೊನೆಗೆ ತಾಯಿಯ ಕೊರಳಿನ ಬಂಗಾರವು ಗಿರವಿಯ ಅಂಗಡಿಗೆ ಹೋಗುತ್ತದೆ. ಅಥವಾ ಮಗಳು ಮನೆಯಲ್ಲಿ ಉಳಿಯುತ್ತಾಳೆ. ಅದೇ ಊರಿನಲ್ಲಿ ಅದೇ ವರ್ಷ ಜಾತ್ರೆಯ ಮದ್ದು ಸುಡುವುದಕ್ಕೂ ಮದುವೆಯ ಮಂಟಪದ ಅಲಂಕಾರಕ್ಕೂ ಹಣದ ಕೊರತೆಯಾಗುವುದಿಲ್ಲ. ಇದು ಬಡತನದ ಮಾತಷ್ಟೇ ಅಲ್ಲ, ವಿವೇಕದ ಮಾತು.

ಉಚ್ಚ ಶಿಕ್ಷಣಕ್ಕೆ ಹಣ ಬರುವ ದಾರಿಗಳು ನಾಲ್ಕು: ತಂದೆತಾಯಿಗಳ ಸಂಪಾದನೆ, ರಾಜ್ಯದ ಬೊಕ್ಕಸ, ಸಾಲ ಮತ್ತು ಸಮಾಜದ ನಿಧಿ. ತಂದೆತಾಯಿಗಳೇ ಎಲ್ಲವನ್ನೂ ಹೊರಬೇಕೆಂದರೆ, ವಿದ್ಯೆಯು ಪ್ರತಿಭೆಯನ್ನು ಬಿಟ್ಟು ಹಣವನ್ನು ಹಿಂಬಾಲಿಸುತ್ತದೆ. ರಾಜ್ಯವು ಹೊರಬೇಕಾದುದು ನ್ಯಾಯವೇ ಸರಿ. ಒಬ್ಬ ವೈದ್ಯನಿಂದ ಇಡೀ ತಾಲೂಕಿಗೆ ಪ್ರಯೋಜನವಾಗುವುದರಿಂದ ತಾಲೂಕಿನ ತೆರಿಗೆಯು ಅವನ ವಿದ್ಯೆಗೆ ಸಲ್ಲಬೇಕು. ಆದರೆ ರಾಜ್ಯದ ಹಣವು ಪ್ರತಿಯೊಂದು ಮನೆಯ ಕಷ್ಟವನ್ನು ಕಣ್ಣಿಟ್ಟು ನೋಡಲಾರದು. ಶುಲ್ಕವನ್ನು ಮನ್ನಿಸಿದರೂ ಊಟ ವಸತಿಗಳ ಭಾರವು ಉಳಿದೇ ಉಳಿಯುತ್ತದೆ.

ಇನ್ನು ಸಾಲ. 2001ರಲ್ಲಿ ಭಾರತದ ಬ್ಯಾಂಕುಗಳಿಗಾಗಿ ರೂಪಿಸಲಾದ ಮಾದರಿ ಯೋಜನೆಯಲ್ಲಿ, ವ್ಯಾಸಂಗ ಮುಗಿದ ಒಂದು ವರ್ಷಕ್ಕೆ ಅಥವಾ ಉದ್ಯೋಗ ದೊರೆತ ಆರು ತಿಂಗಳಿಗೆ, ಯಾವುದು ಮೊದಲೋ ಆಗಿನಿಂದ ಮರುಪಾವತಿಯು ಆರಂಭವಾಗಬೇಕೆಂದು ವಿಧಿಸಲಾಗಿತ್ತು. ಕೆಲಸ ಸಿಗದವನಿಗೂ ಕಂತು ಬರುತ್ತದೆ. ಇದಕ್ಕಿಂತ ಸೂಕ್ಷ್ಮವಾದ ದೋಷವೊಂದಿದೆ. ಸಾಲದ ಭಯವುಳ್ಳ ವಿದ್ಯಾರ್ಥಿಯು ತನಗೆ ಒಲಿದ ವಿದ್ಯೆಯನ್ನು ಆರಿಸಿಕೊಳ್ಳುವುದಿಲ್ಲ, ಬೇಗನೆ ಹಣ ತರುವ ವಿದ್ಯೆಯನ್ನು ಆರಿಸಿಕೊಳ್ಳುತ್ತಾನೆ. ಸಾಲ ಮಾಡಿ ವ್ಯಾಕರಣವನ್ನೋ ದರ್ಶನಶಾಸ್ತ್ರವನ್ನೋ ಶಾಸನಗಳನ್ನೋ ಓದುವವರು ಎಷ್ಟು ಮಂದಿ? ಎಲ್ಲ ವಿದ್ಯೆಯೂ ಸಾಲದ ಮೇಲೆ ನಿಂತರೆ ಮುಂದೆ ತಾಳೆಗರಿಯ ವಚನಗಳನ್ನು ಓದಿ ಹೇಳುವವರೇ ಇಲ್ಲವಾಗುವರು.

ಆದುದರಿಂದ ನಾಲ್ಕನೆಯ ದಾರಿಯಾದ ಸಮಾಜದ ನಿಧಿಯು ಅನಿವಾರ್ಯವಾಗಿದೆ. ಆದರೆ ಅದು ದಾನದ ನಿಧಿಯಾಗಬಾರದು, ದಾಸೋಹದ ನಿಧಿಯಾಗಬೇಕು. ಇವೆರಡಕ್ಕೂ ಭೇದವೇನು? ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಕೊಂಬವನ ಕೈ ಕೆಳಗಿರುತ್ತದೆ. ಕೊಟ್ಟವನು ಕೊಟ್ಟೆನೆಂದು ಬೀಗುತ್ತಾನೆ. ಕೊಂಡವನು ಕುಗ್ಗುತ್ತಾನೆ, ಇಲ್ಲವೇ ಮರೆತುಬಿಡುತ್ತಾನೆ. ದಾಸೋಹದಲ್ಲಿಯಾದರೋ ಕೊಡುವವನೇ ದಾಸನು. ತನ್ನಲ್ಲಿದ್ದುದು ಮೊದಲೇ ತನ್ನದಲ್ಲವಾದ್ದರಿಂದ ಅವನು ಕೊಡುತ್ತಿರುವುದು ತನ್ನ ಒಡವೆಯನ್ನಲ್ಲ, ಒಡೆಯನ ಒಡವೆಯನ್ನು ಒಡೆಯನಿಗೆ ಒಪ್ಪಿಸುತ್ತಿದ್ದಾನೆ. ಕೊಂಬವನು ಭಿಕ್ಷುಕನಲ್ಲ, ಜಂಗಮ. ಜಂಗಮವೆಂದರೆ ಚಲಿಸುವಂಥದು. ಪಡೆದ ವಿದ್ಯೆಯನ್ನು ನಿಂತ ನೀರಾಗಿಸದೆ ಮತ್ತೊಂದು ಕಡೆಗೆ ಹರಿಸುವ ವಿದ್ಯಾರ್ಥಿಯು ಈ ಅರ್ಥದಲ್ಲಿ ಜಂಗಮನೇ ಅಹುದು.

ಈ ತತ್ತ್ವವು ಕೇವಲ ಮಾತಾಗಿ ಉಳಿಯಲಿಲ್ಲವೆಂಬುದಕ್ಕೆ ಕನ್ನಡನಾಡಿನ ಇತಿಹಾಸವೇ ಸಾಕ್ಷಿ. 19ನೆಯ ಶತಮಾನದ ಕೊನೆಯಲ್ಲಿ ಉತ್ತರ ಕರ್ನಾಟಕದ ಹುಡುಗನು ಪದವಿಯನ್ನು ಪಡೆಯಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದುದು 1917ರಲ್ಲಿ. ಪರಸ್ಥಳದಲ್ಲಿ ಉಂಡು ಉಟ್ಟು ಓದುವ ಶಕ್ತಿ ಒಕ್ಕಲು ಮಕ್ಕಳಿಗೆ ಎಲ್ಲಿಯದು? ಇದನ್ನು ಮನಗಂಡ ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮೊದಲಾದ ಹಿರಿಯರು 1883ರಲ್ಲಿ ಧಾರವಾಡದಲ್ಲಿ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿ ವಿದ್ಯಾರ್ಥಿಗಳಿಗೆ ನೆರವಾದರು. 1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ಅದೇ ಧಾರವಾಡದಲ್ಲಿ ನೆರೆದ ಮಹಾಸಭೆಯ ಪ್ರಥಮ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಬರೆದಿಟ್ಟರು. ಒಡಲಿನ ಸಂತಾನವು ಉಳಿಯದಿದ್ದ ಆ ಪುಣ್ಯಾತ್ಮರಿಗೆ ಅವರ ನಿಧಿಯಿಂದ ಓದಿದವರೆಲ್ಲರೂ ಸಂತಾನವಾದರು.

ದೇಸಾಯಿಯವರಿಗೆ ಸಂಸ್ಥಾನವಿತ್ತು, ಕೊಟ್ಟರು ಎಂದು ಸಾಮಾನ್ಯ ಗೃಹಸ್ಥನು ಹೇಳಬಹುದು. ಸಂಸ್ಥಾನವಿಲ್ಲದವರು ಏನನ್ನು ಕೊಟ್ಟರೆಂಬುದನ್ನೂ ನೋಡಬೇಕು. 1916ರಲ್ಲಿ ಬೆಳಗಾವಿಯಲ್ಲಿ ಬಸವನಾಳ, ಸಾಖರೆ ಮೊದಲಾದ ಏಳು ಮಂದಿ ಸೇರಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಜನರು ಅವರನ್ನು ಸಪ್ತರ್ಷಿಗಳೆಂದು ಕರೆದರು. ತಾವು ಗಳಿಸಬಹುದಾಗಿದ್ದ ಆಯುಷ್ಯವನ್ನೇ ಅವರು ಕೊಟ್ಟರು. ತಾವು ತೆರೆದ ಪ್ರೌಢಶಾಲೆಗೆ ಗಿಲಗಂಚಿ ಮತ್ತು ಅರಟಾಳರ ಹೆಸರನ್ನು ಇಟ್ಟುದು ಋಣಪ್ರಜ್ಞೆಯ ಕುರುಹು. ತುಮಕೂರಿನ ಸಿದ್ಧಗಂಗೆಯಲ್ಲಿಯಂತೂ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ಸಾವಿರಾರು ಮಕ್ಕಳಿಗೆ ನಡೆಸಿದರು. ಅಲ್ಲಿಯ ಕಣಜವನ್ನು ತುಂಬಿದುದು ರೈತರು ತಮ್ಮ ಕಣದಿಂದ ಅಳೆದುಕೊಟ್ಟ ರಾಗಿ. ಪಂಕ್ತಿಯಲ್ಲಿ ಕುಳಿತ ಮಗುವನ್ನು ಯಾವ ಜಾತಿಯೆಂದು ಅಲ್ಲಿ ಕೇಳಲಿಲ್ಲ. ಒಂದು ಸಮಾಜದ ಮಕ್ಕಳಿಗೆಂದು ಮೊದಲಾದ ನೆರವು ಎಲ್ಲರ ಮಕ್ಕಳಿಗೂ ಸಂದಾಗಲೇ ಅದು ಬಸವಣ್ಣನವರ ಮಹಾಮನೆಯನ್ನು ಮುಟ್ಟಿತು.

ಕೊಡುವವನ ಹಿರಿಮೆಯನ್ನು ಹೊಗಳಿದಷ್ಟೇ ನಿಷ್ಠುರವಾಗಿ ಇಂದಿನ ಕುಂದನ್ನೂ ಹೇಳಬೇಕು. ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರಿಯದ ಭಕ್ತರಿಲ್ಲ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಸತಿ ಲಕ್ಕಮ್ಮನು ಸಂತೋಷಪಡಲಿಲ್ಲ. ಇದು ಭಕ್ತಿಯಲ್ಲ, ಆಸೆ ಎಂದು ತಿಳಿದು, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಅಗತ್ಯಕ್ಕಿಂತ ಒಂದು ಹಿಡಿ ಹೆಚ್ಚಾದರೂ ಆ ಅಕ್ಕಿಯು ಲಿಂಗಕ್ಕೆ ಸಲ್ಲದೆಂಬುದು ಆ ಮಹಾಸತಿಯ ನಿಲುವು. ವಿದ್ಯಾಸಂಸ್ಥೆಗಳ ಲೆಕ್ಕದ ಪುಸ್ತಕವನ್ನು ಲಕ್ಕಮ್ಮನ ಮುಂದೆ ಇಟ್ಟರೆ ಅವಳು ಏನೆಂದಾಳು?

ಪ್ರವೇಶಕ್ಕಾಗಿ ದೇಣಿಗೆಯನ್ನು ಕೇಳುವ ರೂಢಿಯು ನಾಡಿನಲ್ಲಿ ಎಷ್ಟು ಬೆಳೆಯಿತೆಂದರೆ, 1984ರಲ್ಲಿ ಕರ್ನಾಟಕವು ಅದನ್ನು ನಿಷೇಧಿಸುವ ಕಾಯಿದೆಯನ್ನೇ ಮಾಡಬೇಕಾಯಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣವು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಈ ರಾಜ್ಯದ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರಕಾರಿ ಸ್ಥಾನಕ್ಕೆ ವರ್ಷಕ್ಕೆ 2,000 ರೂಪಾಯಿ, ಇತರ ಸ್ಥಾನಗಳಿಗೆ ಕರ್ನಾಟಕದವರಿಂದ 25,000, ಹೊರಗಿನವರಿಂದ 60,000 ರೂಪಾಯಿವರೆಗೆ ಶುಲ್ಕವಿತ್ತು. ಅಂಥ ವಸೂಲಿಯು ಸಲ್ಲದೆಂದು ನ್ಯಾಯಾಲಯವು ತೀರ್ಮಾನಿಸಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದು ಒಂದು ಏರ್ಪಾಡನ್ನು ವಿಧಿಸಿತು: ಅರ್ಧ ಸ್ಥಾನಗಳು ಅಲ್ಪ ಶುಲ್ಕದವು, ಉಳಿದರ್ಧ ಹೆಚ್ಚು ಶುಲ್ಕದವು. ಉಳ್ಳವರ ಹಣದಿಂದ ಇಲ್ಲದವರು ಓದಲಿ ಎಂಬುದು ಅದರ ಸದುದ್ದೇಶ. ಆದರೆ 2002ರಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠವು ಆ ಏರ್ಪಾಡನ್ನು ತೆಗೆದುಹಾಕಿತು. ಪಟ್ಟಣದಲ್ಲಿ ಒಳ್ಳೆಯ ಶಾಲೆಯಲ್ಲಿ ಓದಿದ ಸ್ಥಿತಿವಂತರ ಮಕ್ಕಳೇ ಹೆಚ್ಚು ಅಂಕಗಳನ್ನು ಗಳಿಸಿ ಅಲ್ಪ ಶುಲ್ಕದ ಸ್ಥಾನಗಳನ್ನು ಪಡೆಯುತ್ತಿದ್ದರು. ಅವರ ವೆಚ್ಚವನ್ನು ಅವರಿಗಿಂತ ಬಡವರೂ ಹೊರಬೇಕಾಗುತ್ತಿತ್ತು. ದಾಸೋಹದ ಹೆಸರಿನಲ್ಲಿ ಹಸಿದವನು ಉಣ್ಣುವವನಿಗೆ ಬಡಿಸಿದಂತಾಯಿತು. ಲಾಭಕೋರತನವೂ ದೇಣಿಗೆ ವಸೂಲಿಯೂ ಕೂಡದೆಂಬುದನ್ನು ಮಾತ್ರ ಆ ಪೀಠವು ಎತ್ತಿಹಿಡಿಯಿತು.

ಈ ವೃತ್ತಾಂತದಿಂದ ಭಕ್ತರು ಕಲಿಯಬೇಕಾದ ಪಾಠವೊಂದಿದೆ. ಕಾಯಿದೆಯು ಹೆಚ್ಚಿನ ವಸೂಲಿಯನ್ನು ತಡೆಯಬಹುದು. ಯಾರು ನಿಜವಾಗಿ ಹಸಿದವರೆಂಬುದನ್ನು ಹತ್ತಿರದಲ್ಲಿದ್ದವರೇ ಅರಿಯಬೇಕು. ಹಿಡಿ ಅಕ್ಕಿಯಿಂದಲೂ ಕಣದ ರಾಗಿಯಿಂದಲೂ ಬೆಳೆದ ಸಂಸ್ಥೆಯು, ಆ ರಾಗಿಯನ್ನು ಕೊಟ್ಟವನ ಮೊಮ್ಮಗಳು ಶುಲ್ಕವನ್ನು ಕಟ್ಟಲಾರದೆ ಬಾಗಿಲಿನಿಂದ ಹಿಂದಿರುಗುವಂತೆ ಮಾಡಿದರೆ, ಅದರ ಗೋಪುರ ಎಷ್ಟು ಎತ್ತರವಾದರೇನು? ವೆಚ್ಚಕ್ಕೆ ತಕ್ಕ ಶುಲ್ಕವನ್ನು ಶಕ್ತರಿಂದ ಪಡೆಯುವುದು ಅಧರ್ಮವಲ್ಲ. ಅಧ್ಯಾಪಕರ ವೇತನ, ಗ್ರಂಥಾಲಯ, ಪ್ರಯೋಗಶಾಲೆಗಳು ಗಾಳಿಯಿಂದ ನಡೆಯವು. ವೆಚ್ಚಕ್ಕೆ ಮಿಗಿಲಾದ ಹಿಡಿಯೇ ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದ ಅಕ್ಕಿ.

ಅದೇ ಅಳತೆಯು ಕೊಂಬವನಿಗೂ ಸಲ್ಲುತ್ತದೆ. ಸ್ಥಿತಿವಂತನು ವರಮಾನದ ಸುಳ್ಳು ಪತ್ರವನ್ನು ಮಾಡಿಸಿ ಬಡವಿದ್ಯಾರ್ಥಿಯ ವೇತನವನ್ನು ಪಡೆದರೆ ಅವನು ಸರಕಾರವನ್ನಷ್ಟೇ ವಂಚಿಸಲಿಲ್ಲ, ಒಂದು ಮಗುವಿನ ಎಲೆಯ ಮೇಲಿನ ಅನ್ನವನ್ನು ಎತ್ತಿಕೊಂಡನು. ಧರ್ಮದಿಂದ ಪಡೆದವನಾದರೂ ಪದವಿಯೊಡನೆ ತನ್ನ ಋಣವು ತೀರಿತೆಂದು ತಿಳಿಯಬಾರದು. ಆಸ್ಟ್ರೇಲಿಯ ದೇಶದಲ್ಲಿ 1989ರಲ್ಲಿ ಒಂದು ಪದ್ಧತಿಯು ಆರಂಭವಾಯಿತು. ಅಲ್ಲಿ ವಿದ್ಯಾರ್ಥಿಯು ಓದುವಾಗ ಶುಲ್ಕವನ್ನು ಕೊಡದೆ, ಮುಂದೆ ವರಮಾನವು ಗೊತ್ತಾದ ಮಿತಿಯನ್ನು ಮುಟ್ಟಿದ ಮೇಲೆ ತೆರಿಗೆಯೊಡನೆ ತನ್ನ ಪಾಲನ್ನು ತೀರಿಸಬಹುದು. ಆ ಮಿತಿಯನ್ನು ಮುಟ್ಟದವನನ್ನು ಪೀಡಿಸುವುದಿಲ್ಲ. ಅಲ್ಲಿ ಕಾಯಿದೆಯು ಮಾಡಿಸುವುದನ್ನು ಶರಣಮಾರ್ಗದಲ್ಲಿ ಅಂತಃಸಾಕ್ಷಿಯೇ ಮಾಡಿಸಬೇಕು. ಪ್ರಸಾದನಿಲಯದಲ್ಲಿ ಉಂಡು ಓದಿದವನು ಮೊದಲ ಸಂಬಳದ ದಿನದಿಂದಲೇ ಒಬ್ಬ ವಿದ್ಯಾರ್ಥಿಯ ಊಟವನ್ನು ತನ್ನ ಹೆಸರಿಗೆ ಹಚ್ಚಿಕೊಳ್ಳಬೇಕು. ಅದು ಕೊಟ್ಟವನಿಗೆ ಹಿಂದಿರುಗಿಸುವ ಸಾಲವಲ್ಲ, ಮುಂದಿನವನಿಗೆ ಸಾಗಿಸುವ ಪ್ರಸಾದ. ಹಣವಿಲ್ಲದವನು ರಜೆಯಲ್ಲಿ ಊರಿನ ನಾಲ್ಕು ಮಕ್ಕಳಿಗೆ ಗಣಿತವನ್ನು ಹೇಳಿಕೊಟ್ಟರೂ ಅದು ದಾಸೋಹವೇ.

ಗೃಹಸ್ಥನು ಇಂದೇ ಮಾಡಬಹುದಾದುದೇನು? ಊರಿನ ಮಠದಲ್ಲಿ ಒಂದು ವಿದ್ಯಾನಿಧಿಯಿರಲಿ. ಸುಗ್ಗಿಯಲ್ಲಿ ಪ್ರತಿಯೊಂದು ಕಣದಿಂದ ಶಕ್ತ್ಯನುಸಾರ ಧಾನ್ಯವೂ, ವ್ಯಾಪಾರಿಯ ಗಲ್ಲೆಯಿಂದ ದಿನಕ್ಕೊಂದು ಕಾಸೂ, ನೌಕರನ ಸಂಬಳದಿಂದ ತಿಂಗಳಿಗೊಂದು ಪಾಲೂ ಅದಕ್ಕೆ ಸೇರಲಿ. ಮದುವೆ, ಗುರುಪ್ರವೇಶ, ಶಿವಗಣಾರಾಧನೆಗಳಲ್ಲಿ ಒಂದು ಪಾತ್ರವನ್ನು ಕಡಮೆ ಮಾಡಿ ಅದರ ಹಣವನ್ನು ಅಲ್ಲಿಗೆ ಕೊಡಲಿ. ಆ ನಿಧಿಯಿಂದ ಮೊದಲು ಊಟ, ವಸತಿ, ಪುಸ್ತಕಗಳಿಗೆ ನೆರವು ಸಲ್ಲಲಿ. ಏಕೆಂದರೆ ಶುಲ್ಕಕ್ಕೆ ಸರಕಾರದ ನೆರವು ದೊರೆತ ಮೇಲೂ ಬಡವನ ಮಗು ಎಡವುವುದು ಅಲ್ಲಿಯೇ. ಗಂಡು ಹೆಣ್ಣೆಂಬ ಭೇದವಾಗಲಿ, ತಮ್ಮವರು ಪೆರರೆಂಬ ಭೇದವಾಗಲಿ ಬೇಡ. ಪಡೆದವರ ಹೆಸರನ್ನು ಸಭೆಯಲ್ಲಿ ಕೂಗಿ ಹೇಳಬಾರದು; ಜಮಾಖರ್ಚನ್ನು ಮಾತ್ರ ವರ್ಷಕ್ಕೊಮ್ಮೆ ಎಲ್ಲರ ಮುಂದೆ ಓದಬೇಕು. ನೆರವು ಗುಪ್ತವಾಗಿರಲಿ, ಲೆಕ್ಕ ಬಹಿರಂಗವಾಗಿರಲಿ.

ಇಷ್ಟರಿಂದ ರಾಜ್ಯದ ಹೊಣೆಯು ಕಡಮೆಯಾಗದು. ಪ್ರಜೆಗಳು ಕೊಡುತ್ತಿದ್ದಾರೆಂದು ರಾಜ್ಯವೂ, ರಾಜ್ಯವು ಕೊಡುತ್ತದೆಂದು ಪ್ರಜೆಗಳೂ ಕೈಕಟ್ಟಿ ಕುಳಿತರೆ ನಡುವೆ ನೀರಿಲ್ಲದೆ ಬಾಡುವುದು ಮಕ್ಕಳ ಬಾಳು. ಕೆರೆಯನ್ನು ರಾಜ್ಯವು ಕಟ್ಟಲಿ. ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟಿತೇ ಎಂದು ನೋಡುವುದು ಊರಿನವರ ಕೆಲಸ.

ಮೃಗಶಿರಾ ಮಳೆಯು ಪ್ರತಿವರ್ಷ ಬರುವಂತೆಯೇ ಆ ಪ್ರಶ್ನೆಯೂ ಪ್ರತಿವರ್ಷ ಬರುತ್ತದೆ. ಬೀಜವೋ ವಿದ್ಯೆಯೋ ಎಂದು ತಂದೆಯೊಬ್ಬನು ರಾತ್ರಿ ನಿದ್ದೆಯಿಲ್ಲದೆ ಎಣಿಸುತ್ತಿರುವಾಗ ನೆರೆಮನೆಯ ಭಕ್ತನ ಶಿವಪೂಜೆಯು ಸಾಂಗವಾಗಲಾರದು. ವಿದ್ಯೆಯೂ ಬೀಜವೇ. ಅದನ್ನು ಬಿತ್ತುವ ಹೊಲ ಒಂದು ಮನೆಯದಾದರೂ ಬೆಳೆಯು ನಾಡಿನದು. ಆದುದರಿಂದ ಬಿತ್ತನೆಯ ವೆಚ್ಚದಲ್ಲಿ ತನ್ನ ಪಾಲನ್ನು ಸಲ್ಲಿಸಿದವನೇ ಆ ಬೆಳೆಯ ಪ್ರಸಾದಕ್ಕೆ ಅಧಿಕಾರಿ. ಸದ್ಭಕ್ತರು ಈ ವಿಚಾರವನ್ನು ಮನಸ್ಸಿಗೆ ತಂದುಕೊಂಡು ಆಚರಣೆಗೆ ಇಳಿಸುವರಾಗಲಿ.