ಉಗುರುಬೆಚ್ಚಗಿನ ನೀರಿನ ಊರು

ವಿವಾದವೊಂದು ಎದ್ದಾಗ ‘ನಾನಿನ್ನೂ ಯೋಚಿಸುತ್ತಿದ್ದೇನೆ’ ಎಂದವರಿಗೆ ಎಡಬಿಡಂಗಿ ಎಂಬ ಹಣೆಪಟ್ಟಿ ತಪ್ಪಿದ್ದಲ್ಲ. ಇಂಗ್ಲಿಷಿನಲ್ಲಿ ಇಂಥವರ ಮೇಲೆ ಎಸೆಯಲು ‘ಲಾವೊಡಿಸಿಯನ್’ ಎಂಬ ಪದವಿದೆ. ಆದರೆ ಸಂದೇಹಪಡುವವರನ್ನು ಹಳಿಯಲು ಈ ಪದವನ್ನು ಬಳಸುವುದು ಅನ್ಯಾಯ.

ಬೈಬಲ್ಲಿನ ಕೊನೆಯ ಪುಸ್ತಕ ‘ಪ್ರಕಟನೆ’ಯಲ್ಲಿ, ಈ ಪದಕ್ಕೆ ಮೂಲವಾದ ಲವೊದಿಕೀಯ ಎಂಬ ಊರಿನ ಕ್ರೈಸ್ತ ಸಭೆಗೆ ಬರೆದ ಕಟುವಾದ ಪತ್ರವೊಂದಿದೆ: ನೀವು ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಎಂಬುದು ಆಪಾದನೆ. ಬಿಸಿಯೆಂದರೆ ಭಕ್ತಿ, ತಂಪೆಂದರೆ ನಾಸ್ತಿಕತೆ, ನಡುವಿನದು ಹೇಡಿತನ ಎಂಬುದು ರೂಢಿಯ ವ್ಯಾಖ್ಯಾನ. ಹಾಗಿದ್ದರೆ ‘ತಣ್ಣಗಾದರೂ ಇರಬಾರದಿತ್ತೇ’ ಎಂದು ಪತ್ರ ಹಂಬಲಿಸುವುದೇಕೆ?

ಉತ್ತರ ಭೂಗೋಳದಲ್ಲಿದೆ. ಇಂದಿನ ಟರ್ಕಿಯ ಡೆನಿಜ್ಲಿ ನಗರದ ಬಳಿ ಲವೊದಿಕೀಯದ ಅವಶೇಷಗಳಿವೆ. ಹತ್ತಿರದ ಹಿಯರಾಪೊಲಿಸ್‌ನಲ್ಲಿ ರೋಗಿಗಳು ಮೀಯುವ ಬಿಸಿನೀರಿನ ಬುಗ್ಗೆಗಳು. ಇನ್ನೊಂದು ಬದಿಯ ಕೊಲೊಸ್ಸೆಯಲ್ಲಿ ತಂಪು ತೊರೆ. ಲವೊದಿಕೀಯಕ್ಕೆ ನೀರು ದೂರದಿಂದ ಕೊಳವೆಗಳಲ್ಲಿ ಬರುತ್ತಿತ್ತು. ಒಳಗೆ ಕಟ್ಟಿದ ಸುಣ್ಣದ ಪದರ ಇಂದಿಗೂ ಕಾಣುತ್ತದೆ. ಬಿಸಿನೀರು ನೋವು ಕಳೆಯುತ್ತದೆ, ತಣ್ಣೀರು ದಾಹ ತಣಿಸುತ್ತದೆ. ಎರಡೂ ಒಳ್ಳೆಯವೇ; ಉಗುರುಬೆಚ್ಚಗಿನದು ಮಾತ್ರ ಯಾವುದಕ್ಕೂ ಒದಗದು. 1958ರಲ್ಲಿ ರಡ್ವಿಕ್ ಮತ್ತು ಗ್ರೀನ್ ಎಂಬ ವಿದ್ವಾಂಸರು ಮುಂದಿಟ್ಟ ಈ ಓದು ಹೆಚ್ಚು ಒಪ್ಪುವಂಥದ್ದು: ಖಂಡನೆ ನಿರುಪಯುಕ್ತತೆಗೆ, ನಡುದಾರಿಗಲ್ಲ.

ಆ ನಿರುಪಯುಕ್ತತೆಯ ಬೇರು ಯಾವುದೆಂದು ಪತ್ರವೇ ಹೇಳುತ್ತದೆ: ತಾವು ಸಿರಿವಂತರು, ತಮಗೇನೂ ಕೊರತೆಯಿಲ್ಲ ಎಂಬ ತೃಪ್ತಿ. ಕಪ್ಪು ಉಣ್ಣೆಯಿಂದ, ಹಣದ ವಹಿವಾಟಿನಿಂದ ಕೊಬ್ಬಿದ ಊರದು. ಕ್ರಿ.ಶ. 60ರ ಭೂಕಂಪದಲ್ಲಿ ಕುಸಿದಾಗಲೂ ರೋಮಿನ ನೆರವಿಲ್ಲದೆ ಮತ್ತೆ ಎದ್ದು ನಿಂತಿತೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ.

ಇಂಥ ತೃಪ್ತಿಗೂ ಸಂದೇಹಕ್ಕೂ ಇರುವ ಭೇದವನ್ನು ಮರೆಸಿದವರಲ್ಲಿ ಇಟಲಿಯ ಕವಿ ಡಾಂಟೆ ಪ್ರಮುಖ. ಯಾವ ಪಕ್ಷಕ್ಕೂ ಸೇರದವರನ್ನು ಅವನು ತನ್ನ ಕಾವ್ಯದಲ್ಲಿ ನರಕದ ಹೊಸ್ತಿಲಲ್ಲಿ ಕಣಜಗಳಿಂದ ಕಚ್ಚಿಸುತ್ತಾನೆ. ಪಕ್ಷರಾಜಕೀಯದಿಂದ ಫ್ಲಾರೆನ್ಸ್‌ನಿಂದ ಗಡಿಪಾರಾದವನ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಅಂಜಿ ಸುಮ್ಮನಿದ್ದವನಿಗೂ ಸಾಕ್ಷ್ಯಕ್ಕಾಗಿ ಕಾದವನಿಗೂ ಅಲ್ಲಿ ಬೇರೆ ಬೇರೆ ಜಾಗವಿಲ್ಲ. ನರಕದ ಅತಿ ಬಿಸಿಯ ಜಾಗ ತಟಸ್ಥರಿಗೆ ಮೀಸಲೆಂದು ಡಾಂಟೆಯ ಹೆಸರಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಹೇಳುತ್ತಿದ್ದ ಮಾತಂತೂ ಆ ಕಾವ್ಯದಲ್ಲೇ ಇಲ್ಲ; ಅಲ್ಲಿ ನರಕದ ತಳದಲ್ಲಿರುವುದು ಹಿಮ.

ಸಂದೇಹಿಗೆ ಇನ್ನೂ ಏನೋ ತಿಳಿಯಬೇಕಿದೆ. ಅದಕ್ಕಾಗಿ ಅವನು ಓದುತ್ತಾನೆ, ಕೇಳುತ್ತಾನೆ, ಬೇಕಾದರೆ ಅಭಿಪ್ರಾಯ ಬದಲಿಸುತ್ತಾನೆ. ಉಗುರುಬೆಚ್ಚಗಿನವನಿಗೆ ಹುಡುಕಲು ಏನೂ ಉಳಿದಿಲ್ಲ. ಅವನು ಪಕ್ಷವೊಂದರ ಸದಸ್ಯನೂ ಆಗಿರಬಹುದು, ಘೋಷಣೆಯನ್ನೂ ಕೂಗಬಹುದು. ಲವೊದಿಕೀಯದ ಪತ್ರ ಹೋದದ್ದು ಹೊರಗೆ ನಿಂತು ಅನುಮಾನಿಸುತ್ತಿದ್ದವರಿಗಲ್ಲ, ಸಭೆಗೆ ಆಗಲೇ ಸೇರಿ ನೆಮ್ಮದಿಯಾಗಿ ಕುಳಿತವರಿಗೆ.