ನಮ್ಮ ಮನೆಯಿಂದ ಹೋದದ್ದು

ಕೊಟ್ಟವರಿಗೆ ಪುಣ್ಯ ಬರುತ್ತದೆ ಅನ್ನುವುದನ್ನು ನಾವೆಲ್ಲ ಹೆಚ್ಚು ಯೋಚಿಸದೆ ಒಪ್ಪಿಕೊಂಡಿದ್ದೇವೆ. ಹಾಗಾದರೆ, ಕೊಟ್ಟದ್ದನ್ನು ಹಿಡಿದುಕೊಂಡು ಪಡೆದವರು ಕೆಟ್ಟದ್ದು ಮಾಡಿದರೆ ಅದೂ ಕೊಟ್ಟವರ ಲೆಕ್ಕಕ್ಕೇ ಬರುತ್ತದೆಯೆ? ಹಂದನಕೆರೆಯಂಥ ಊರಿನಲ್ಲಿ ಬಹಳ ಕಾಲ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದ ನನ್ನನ್ನು ಈ ಪ್ರಶ್ನೆ ಹಿಡಿದುಕೊಂಡದ್ದು ಒಂದು ಇಂಟರ್‌ನೆಟ್ ತಂತಿಯಿಂದ.

2020ರ ಮಳೆಗಾಲ. ಶಾಲೆಗಳು ಮುಚ್ಚಿದ್ದವು. ಸರ್ಕಾರ ಆಗಸ್ಟಿನಲ್ಲಿ ವಿದ್ಯಾಗಮ ಶುರುಮಾಡಿ, ಫೋನೇ ಇಲ್ಲದವರು, ಸಾದಾ ಫೋನಿನವರು, ಇಂಟರ್‌ನೆಟ್ ಫೋನಿನವರು ಎಂದು ಮಕ್ಕಳನ್ನು ಮೂರು ಗುಂಪು ಮಾಡಿತು. ಮೇಷ್ಟ್ರುಗಳು ಅರಳಿಕಟ್ಟೆಗೂ ದೇವಸ್ಥಾನದ ಅಂಗಳಕ್ಕೂ ಹೋಗಿ ಪಾಠ ಮಾಡಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ಮೂರನೆಯ ಗುಂಪಿನವರಾದರೂ ಸುಖವಾಗಿದ್ದರೆ? ಅಪ್ಪನ ಫೋನು ಕೈಗೆ ಸಿಕ್ಕಿದ ದಿನ ಕರೆನ್ಸಿ ಇರುತ್ತಿರಲಿಲ್ಲ. ಚಂದನದಲ್ಲಿ ಬಂದುಹೋದ ‘ಸಂವೇದ’ ಪಾಠ ಯೂಟ್ಯೂಬಿನಲ್ಲಿ ಇದೆ ಅಂತ ಗೊತ್ತು, ನೋಡುವುದಕ್ಕೆ ದಾರಿಯಿಲ್ಲ.

ಕೊಬ್ಬರಿ ವ್ಯವಹಾರದ ಲೆಕ್ಕಕ್ಕೆಂದು ನಮ್ಮ ಮನೆಯವರು ತಂದಿದ್ದ ಕಂಪ್ಯೂಟರು ನಡುಮನೆಯ ಕಿಟಕಿಯ ಪಕ್ಕ ಇತ್ತು. ಅದಕ್ಕೆ ಬರುವ ತಂತಿ ಒಂದೇ. ಬೆಂಗಳೂರಿನಿಂದ ಊರಿಗೆ ಬಂದಿದ್ದ ಮಗಳು ಬೆರಳುದ್ದದ ವೈಫೈ ಅಡಾಪ್ಟರನ್ನು ಅದಕ್ಕೆ ಸಿಕ್ಕಿಸಿ, ಹಾಟ್‌ಸ್ಪಾಟ್ ಆನ್ ಮಾಡಿದಳು. ತಂತಿಯಲ್ಲಿ ಬಂದದ್ದು ಕಿಟಕಿ ದಾಟಿ ಜಗಲಿಗೂ ಸಿಕ್ಕಿತು. ಮುಖಕ್ಕೆ ಮಾಸ್ಕ್ ಹಾಕಿಸಿ, ಜಗಲಿಯಿಂದ ಅಂಗಳದ ತನಕ ಮಕ್ಕಳನ್ನು ದೂರ ದೂರ ಕೂರಿಸಿದೆ.

ವಿಂಡೋಸ್ 10ರ ಹಾಟ್‌ಸ್ಪಾಟಿಗೆ ಒಂದು ಮಿತಿಯಿದೆ. ಒಂದೇ ಸಲಕ್ಕೆ ಎಂಟು ಫೋನುಗಳಿಗಿಂತ ಹೆಚ್ಚಿಗೆ ಸೇರಿಸಿಕೊಳ್ಳುವುದಿಲ್ಲ. ಒಂಬತ್ತನೆಯವಳು ಬಂದು ನಿಂತಳು ಅಂದರೆ ಯಾರಾದರೂ ಏಳಬೇಕು. ಮದುವೆಮನೆಯ ಹಾಗೆ ಪಂಕ್ತಿ ಮಾಡಿದೆವು. ಪಂಕ್ತಿ ಅನ್ನುವಾಗ ನನಗೆ ಸಂಕಟವೂ ಆಗುತ್ತದೆ. ನಮ್ಮ ಅತ್ತೆಯವರ ಕಾಲದಲ್ಲಿ ಈ ಜಗಲಿಯನ್ನು ಹತ್ತದೆ, ಅಂಗಳದಲ್ಲೇ ನಿಂತು ಮಾತಾಡಿ ಹೋಗಬೇಕಾಗಿದ್ದ ಮನೆಗಳಿದ್ದವು. ಊಟವನ್ನು ಕೊನೆಗೆ, ಹೊರಗೆ, ಎಲೆಯನ್ನು ತಾವೇ ತಂದುಕೊಂಡು ಉಂಡವರಿದ್ದರು. ಅದೇ ಮನೆಗಳ ಮೊಮ್ಮಕ್ಕಳು ಈಗ ಕಂಬಕ್ಕೊರಗಿ ಬೀಜಗಣಿತ ಕೇಳುತ್ತಿದ್ದರು. ಮೊದಲು ಬಂದವರಿಗೆ ಮೊದಲ ಪಂಕ್ತಿ, ಬೇರೆ ಯಾವ ಲೆಕ್ಕವೂ ಇಲ್ಲ ಅಂದೆ. ಇದಕ್ಕೆ ಮುಖ ಸಿಂಡರಿಸಿದವರೂ ಉಂಟು. ಅವರಿಗೆ ನಾನು ಉತ್ತರ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ.

ಈ ಹಂಚಿಕೆ ಒಳಗೊಳಗೆ ಹೇಗೆ ನಡೆಯುತ್ತದೆ ಅನ್ನುವುದನ್ನು ಮಗಳು ಬಿಡಿಸಿ ಹೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಜಗತ್ತಿನ ಕಂಪ್ಯೂಟರುಗಳಿಗೆ ಮೊದಲು ಮಾಡಿಟ್ಟ ವಿಳಾಸಗಳು ಸುಮಾರು 430 ಕೋಟಿ. ಅದು ಸಾಲುವುದಿಲ್ಲವೆಂದು 1990ರ ದಶಕದಲ್ಲೇ ತಿಳಿದು, ಒಂದು ವಿಳಾಸದ ಹಿಂದೆ ಹಲವರು ಇರುವ ಉಪಾಯ ಕಂಡುಕೊಂಡರು. 2011ರ ಫೆಬ್ರವರಿಯಲ್ಲಿ ಆ ವಿಳಾಸಗಳ ಮೂಲ ದಾಸ್ತಾನು ಮುಗಿದೇಹೋಯಿತು. ಜಗಲಿಯ ಫೋನುಗಳಿಗೆ ನಮ್ಮ ಕಂಪ್ಯೂಟರೇ 192.168 ಎಂದು ಶುರುವಾಗುವ ಒಳವಿಳಾಸ ಕೊಡುತ್ತದೆ. ಅದು ನಮ್ಮ ಹೊಸ್ತಿಲಿನಾಚೆ ನಡೆಯುವುದಿಲ್ಲ. ಮಗು ಏನಾದರೂ ಕೇಳಿದರೆ ಕಂಪ್ಯೂಟರು ಆ ವಿಳಾಸ ತೆಗೆದು ತನ್ನದನ್ನು ಹಾಕಿ ಕಳಿಸುತ್ತದೆ. ಯಾರು ಕೇಳಿದ್ದು ಅನ್ನುವುದಕ್ಕೆ ತನ್ನಲ್ಲೊಂದು ಗುರುತು ಇಟ್ಟುಕೊಂಡು, ಉತ್ತರ ಬಂದಾಗ ಕೇಳಿದವರಿಗೇ ಮುಟ್ಟಿಸುತ್ತದೆ. ಹೊರಗಿನವರ ಕಣ್ಣಿಗೆ ಕಾಣುವುದು ಒಂದೇ ಮನೆ. ಕಂಪ್ಯೂಟರು ನಿದ್ದೆಗೆ ಹೋದರೆ ಎಲ್ಲರದ್ದೂ ನಿಲ್ಲುತ್ತದೆ, ಹಾಗಾಗಿ ಪಂಕ್ತಿ ಮುಗಿಯುವ ತನಕ ಅದು ಎಚ್ಚರವಾಗಿರಬೇಕು.

ನಮ್ಮ ಭಾವನವರು ಒಂದು ದಿನ ಬಂದು ಕೂತು, “ಏನಮ್ಮ, ಆ ಹುಡುಗ್ರಲ್ಲಿ ಯಾವನೋ ಒಬ್ಬ ಏನಾದ್ರೂ ಮಾಡ್ಕೊಂಡ್ರೆ ಪೊಲೀಸ್ನೋರು ಬರೋದು ಈ ಮನೆಗೇ ಅಲ್ವಾ?” ಅಂದರು. ಅವರ ಮಾತಿಗೆ ಆಧಾರವಿತ್ತು. 2008ರ ಜುಲೈನಲ್ಲಿ ಅಹಮದಾಬಾದಿನ ಬಾಂಬ್ ಸ್ಫೋಟದ ಹೊತ್ತಿಗೆ ಬಂದ ಇಮೇಲ್ ನವಿ ಮುಂಬಯಿಯ ಒಂದು ಮನೆಯ ಬೀಗವಿಲ್ಲದ ವೈಫೈಯಿಂದ ಹೋಗಿತ್ತು. ಪೊಲೀಸರು ಮೊದಲು ಹೋದದ್ದು ಆ ಮನೆಗೆ.

ಹೊಣೆ ತಪ್ಪಿಸಿಕೊಳ್ಳುವ ದಾರಿಗಳು ಎರಡೂ ಸುಲಭದವು. ಹಂಚುವುದನ್ನೇ ನಿಲ್ಲಿಸುವುದು ಒಂದು. ನಾನು ತಂತಿ ಮಾತ್ರ ಕೊಟ್ಟೆ, ಅವರವರ ಕರ್ಮ ಅವರವರದ್ದು ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಶಾಸ್ತ್ರದ ಬೆಂಬಲವೂ ಸಿಗುತ್ತದೆ, ಅದಕ್ಕೇ ಅದು ಹೆಚ್ಚು ಅಪಾಯದ್ದು. ನಾನು ದಾಸೋಹದ ಕಡೆ ನೋಡಿದೆ. ನಮ್ಮ ಜಿಲ್ಲೆಯ ಸಿದ್ಧಗಂಗೆಯಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಎಲ್ಲ ಜಾತಿಯ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಮೂರನ್ನೂ ಒಟ್ಟಿಗೇ ನಡೆಸಿಕೊಂಡು ಬಂದರು. ಅನ್ನ ಬಡಿಸಿ ಕೈತೊಳೆದುಕೊಳ್ಳಬಹುದು. ಆಶ್ರಯ ಕೊಟ್ಟ ಮೇಲೆ ಹಾಗೆ ಆಗುವುದಿಲ್ಲ. ಅಲ್ಲಿಯ ಹುಡುಗ ಏನು ಮಾಡಿದರೂ ಜನ ಮಠದ ಹುಡುಗ ಎಂದೇ ಹೇಳುತ್ತಾರೆ, ಮಠ ಅದನ್ನು ಹೊತ್ತುಕೊಳ್ಳುತ್ತದೆ. ನಾನು ಜಗಲಿಯಲ್ಲಿ ಮಾಡುತ್ತಿದ್ದದ್ದು ಅನ್ನದ ಜಾತಿಗೆ ಸೇರಿದ್ದೋ ಆಶ್ರಯದ ಜಾತಿಗೆ ಸೇರಿದ್ದೋ ಎಂದು ಕೇಳಿಕೊಂಡೆ. ನನ್ನ ವಿಳಾಸವನ್ನೇ ಕೊಟ್ಟಿದ್ದೆನಲ್ಲ, ಉತ್ತರ ಅಲ್ಲೇ ಇತ್ತು.

ವಿದ್ಯೆ ಕೊಟ್ಟಷ್ಟೂ ಮುಗಿಯುವುದಿಲ್ಲ ಅನ್ನುತ್ತಾರೆ. ತಂತಿಯದ್ದು ಹಾಗಲ್ಲ. ಎಂಟು ಫೋನಿನಲ್ಲಿ ವಿಡಿಯೊ ಓಡಿದರೆ ಮಗಳ ಆಫೀಸಿನ ಮೀಟಿಂಗ್ ನಿಂತುನಿಂತು ಬರುತ್ತಿತ್ತು. ಅವಳು ಬೇಸರಪಡಲಿಲ್ಲ, ತನ್ನ ವಿಡಿಯೊ ಆಫ್ ಮಾಡಿಕೊಂಡು ಮಾತಾಡುತ್ತಿದ್ದಳು. ಅವಳನ್ನು ನೋಡಿದಾಗ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಿದ್ದಳು. ಗಂಡ ಮಾರಯ್ಯ ಒಂದು ದಿನ ಮಾಮೂಲಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದು ನಮಗೇಕೆ, ಅಲ್ಲೇ ಸುರಿದು ಬನ್ನಿ ಎಂದು ವಾಪಸ್ಸು ಕಳಿಸಿದವಳು ಅವಳು. ದಾಸೋಹಕ್ಕೆ ಮಿಕ್ಕಿದ್ದು ಬೇಕಾಗಿರಲಿಲ್ಲ ಆ ತಾಯಿಗೆ. ದಿನದ ಕಾಯಕದಲ್ಲಿ ಬಂದದ್ದರಲ್ಲೇ ನಡೆಸಿದಳು. ನಮ್ಮ ಜಗಲಿಯಲ್ಲೂ ಹಣದ ಪ್ರಶ್ನೆ ಬರಲೇ ಇಲ್ಲ. ಹಣ ತೆಗೆದುಕೊಂಡು ವೈಫೈ ಕೊಡುವ ಅಂಗಡಿಗಳಿಗೆ ಸರ್ಕಾರ ಆ ವರ್ಷದ ಡಿಸೆಂಬರಿನಲ್ಲಿ ಪಿಎಂ-ವಾಣಿ ಎಂಬ ದಾರಿ ತೆರೆಯಿತು. ಅದು ಬೇರೆ, ಒಳ್ಳೆಯದೇ. ಹಿಂದಿನ ಬೀದಿಯ ಅಜ್ಜಿ ಮೊಮ್ಮಗಳ ಕೈಲಿ ಕಡ್ಡಿಪೊರಕೆ ಕಳಿಸಿದಾಗ ಮಾತ್ರ ಬೇಡ ಅನ್ನಲಿಲ್ಲ. ಗರಿ ಸೀಳಿ, ಕಡ್ಡಿ ಹೆರೆದು ಕಟ್ಟಿದ ಪೊರಕೆ ಅದು. ಬೇಡ ಅಂದಿದ್ದರೆ ಕೊಡುವ ಯೋಗ್ಯತೆ ನನಗೊಬ್ಬಳಿಗೇ ಇದೆ ಅಂದ ಹಾಗಾಗುತ್ತಿತ್ತು.

ಪಾಸ್‌ವರ್ಡ್ ಇಟ್ಟೆವು. ಗೋಡೆಯ ಮೇಲೆ ಬರೆಯಲಿಲ್ಲ. ಬಂದ ಮಗುವಿನ ಹೆಸರು, ಮನೆ, ತರಗತಿ ಕೇಳಿ ನಾನೇ ಹೇಳುತ್ತಿದ್ದೆ. ಬೀಗ ಹಾಕಿದ ದಾಸೋಹವೇ ಎಂದು ಕೇಳಿದವರಿಗೆ ನನ್ನ ಮಾತು ಇಷ್ಟು: ಯಾರು ಬಂದರು ಎಂದು ತಿಳಿದುಕೊಳ್ಳುವುದೂ ಯಾರು ಬರಬಾರದು ಎಂದು ಹುಟ್ಟು ನೋಡಿ ತೀರ್ಮಾನಿಸುವುದೂ ಒಂದೇ ಅಲ್ಲ. ಹೆಸರು ಗೊತ್ತಿಲ್ಲದವರ ಹೊಣೆ ಹೊರುವುದು ಹೇಗೆ?

ಆ ಹೊಣೆ ಬೇಗನೆ ಪರೀಕ್ಷೆಗೆ ಬಂತು. ಒಂಬತ್ತನೇ ತರಗತಿಯ ಹುಡುಗನೊಬ್ಬ ನಮ್ಮ ಜಗಲಿಯಲ್ಲಿ ಕೂತು, ಜೊತೆಯ ಹುಡುಗಿಯ ಬಗ್ಗೆ ಕೆಟ್ಟ ಮಾತು ಬರೆದು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದ. ಹುಡುಗಿಯ ತಾಯಿ ಅಳುತ್ತಾ ಬಂದದ್ದು ಅವನ ಮನೆಗಲ್ಲ, ನಮ್ಮ ಮನೆಗೆ. ಸಂಜೆ ನಾನು ಅವನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಅವನು ತಲೆ ತಗ್ಗಿಸಿ ತಪ್ಪಾಯಿತು ಅಂದ. ಆ ತಾಯಿ ನನ್ನ ಕಡೆ ತಿರುಗಿ, “ನೀವ್ಯಾಕೆ ಬರೋಕ್ ಹೋದ್ರಿ ಟೀಚರಮ್ಮ, ನೀವೇನ್ ಮಾಡಿದ್ರಿ?” ಅಂದರು. ನಮ್ಮ ಮನೆಯಿಂದ ಹೋದದ್ದಲ್ಲವೇನಮ್ಮ ಅಂದೆ. ಅವನ ಪಾಪದಲ್ಲಿ ನನಗೆ ಪಾಲಿದೆಯೋ ಇಲ್ಲವೋ ಅನ್ನುವುದನ್ನು ಬಲ್ಲವರು ಹೇಳಲಿ. ಅದನ್ನು ಸರಿಪಡಿಸುವ ಕೆಲಸದಲ್ಲಿ ಪಾಲಿತ್ತು ಅನ್ನುವುದು ಆ ಹೊಸ್ತಿಲಲ್ಲಿ ನಿಂತಾಗ ನನಗೆ ಸಂದೇಹವಿಲ್ಲದೆ ತಿಳಿಯಿತು.

ಅವನನ್ನು ಪಂಕ್ತಿಯಿಂದ ತೆಗೆದುಹಾಕು ಎಂದು ಭಾವನವರು ಹೇಳಿದರು. ತೆಗೆಯಲಿಲ್ಲ. ಮಾರನೆಯ ದಿನದಿಂದ ಅವನನ್ನು ಕಿಟಕಿಯ ಪಕ್ಕಕ್ಕೆ, ನನ್ನ ಕುರ್ಚಿಗೆ ಎದುರಾಗಿ ಕೂರಿಸಿಕೊಂಡೆ. ಆ ಹುಡುಗಿಗೆ ಮೊದಲ ಪಂಕ್ತಿ, ಅವನಿಗೆ ಎರಡನೆಯದು. ಶಾಲೆ ಮತ್ತೆ ತೆರೆಯುವ ತನಕ ಹಾಗೇ ನಡೆಯಿತು.